ಇಸಿಲದ ಕೇರಿ ಎಲ್ಲಿತ್ತು?

1

ಅಶೋಕ ಸಾಲುಮರ ನೆಡಿಸಿದ, ಬಾವಿ ತೋಡಿಸಿದ, ಛತ್ರ ಕಟ್ಟಿಸಿದ, ಶಾಸನ ಕೆತ್ತಿಸಿದ. ಇದನ್ನು ಬಾಯಿಪಾಠ ಮಾಡದೆ ಕರ್ನಾಟಕದ ಯಾವ ಶಾಲೆಯಿಂದಲೂ ಯಾರೂ ಹೊರಗೆ ಬಂದಂತಿಲ್ಲ. ಕೇರಿಯ ಹುಡುಗರೂ ಇದನ್ನೇ ಬಾಯಿಪಾಠ ಮಾಡಿದ್ದಾರೆ. ಊರ ಬಾವಿಗೆ ಬಿಂದಿಗೆ ಇಳಿಸಲು ಬಿಡದ ಊರಿನ ಶಾಲೆಯಲ್ಲಿ, ಹಿಂದಿನ ಸಾಲಿನಲ್ಲಿ ಕೂತು, ಎರಡು ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ರಾಜ ಎಲ್ಲರಿಗೂ ಬಾವಿ ತೋಡಿಸಿದ ಎಂದು ಗಟ್ಟಿಯಾಗಿ ಓದಿದ್ದಾರೆ. ಆ ಓದಿನಲ್ಲಿರುವ ಕ್ರೂರ ತಮಾಷೆ ಪಠ್ಯಪುಸ್ತಕ ಬರೆದವರಿಗೆ ಹೊಳೆದಿರಲಾರದು.

ಇನ್ನೊಂದು ಸಂಗತಿಯೂ ಅಲ್ಲಿದೆ. ನೆಡಿಸಿದ, ತೋಡಿಸಿದ, ಕಟ್ಟಿಸಿದ, ಕೆತ್ತಿಸಿದ — ಈ ಕ್ರಿಯಾಪದಗಳನ್ನು ಸ್ವಲ್ಪ ನಿಂತು ನೋಡಿ. ವ್ಯಾಕರಣದ ಮೇಷ್ಟ್ರು ಇದಕ್ಕೆ ಪ್ರೇರಣಾರ್ಥಕ ಎನ್ನುತ್ತಾರೆ. ಕೆಲಸ ಮಾಡುವವನು ಒಬ್ಬ, ಮಾಡಿಸುವವನು ಇನ್ನೊಬ್ಬ. ಕನ್ನಡದ 'ಇಸು' ಎಂಬ ಈ ಸಣ್ಣ ಪ್ರತ್ಯಯದ ಒಳಗೆ ನಮ್ಮ ಚರಿತ್ರೆ ಬರವಣಿಗೆಯ ಇಡೀ ರಾಜಕೀಯ ಅಡಗಿ ಕೂತಿದೆ. ನೆಡಿಸಿದವನ ಹೆಸರು ಉಳಿಯಿತು, ನೆಟ್ಟವರದು ಹೋಯಿತು. ತೋಡಿಸಿದವನಿಗೆ ಪಾಠ ಸಿಕ್ಕಿತು, ತೋಡಿದವರಿಗೆ ಆ ನೀರೂ ಸಿಗಲಿಲ್ಲ. ದಲಿತ ವಿಮರ್ಶೆ ಎಂದರೆ ಏನು ಎಂದು ಕೇಳುವವರಿಗೆ ನಾನು ಸದ್ಯಕ್ಕೆ ಇಷ್ಟೇ ಹೇಳುತ್ತೇನೆ: ಎಲ್ಲೆಲ್ಲಿ 'ಇಸು' ಇದೆಯೋ ಅಲ್ಲೆಲ್ಲ ಅದನ್ನು ಕಿತ್ತು, ಅದರ ಹಿಂದೆ ನಿಂತಿದ್ದವರನ್ನು ಮುಂದಕ್ಕೆ ಕರೆಯುವ ಕೆಲಸ ಅದು.

ಈ ಕೆಲಸವನ್ನು ಸಾಹಿತ್ಯ ಕೃತಿಗಳ ಮೇಲೆ ನಾವು ಮಾಡುತ್ತ ಬಂದಿದ್ದೇವೆ. ಒಂದು ಊರಿನ ಮೇಲೆ ಮಾಡಿದರೆ ಹೇಗಿರುತ್ತದೆ? ಅದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಊರು ಇದೆ, ಕೇರಿ ಇದೆ. ಅವುಗಳ ಪಕ್ಕದ ಬೆಟ್ಟದ ಬುಡದಲ್ಲಿ, ಮಣ್ಣಿನ ಅಡಿಯಲ್ಲಿ, ಇನ್ನೊಂದು ಹಳೆಯ ಪಟ್ಟಣವೂ ಇದೆ. ಆ ಪಟ್ಟಣದ ಹೆಸರು ಇಸಿಲ.

2

ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ — ಇವು ಮೂರೂ ಚಿನ್ನಹಗರಿಯ ಆಸುಪಾಸಿನಲ್ಲಿ ಒಂದಕ್ಕೊಂದು ಹತ್ತಿರವೇ ಇರುವ ಜಾಗಗಳು. ಬಂಡೆ, ಕುರುಚಲು, ಕಪ್ಪು ಮಣ್ಣು, ಮಳೆ ಕಮ್ಮಿ. ಮ್ಯಾಸಬೇಡರು, ಕಾಡುಗೊಲ್ಲರು, ಮಾದಿಗರು, ಹೊಲೆಯರು ತಲೆತಲಾಂತರದಿಂದ ಬದುಕಿಕೊಂಡು ಬಂದಿರುವ ಸೀಮೆ ಇದು. ಆಂಧ್ರದ ಗಡಿ ಕೂಗಳತೆಯಲ್ಲಿರುವುದರಿಂದ ಮಾತಿನಲ್ಲಿ ಕನ್ನಡದ ಜೊತೆ ತೆಲುಗು ಬೆರೆತು ಬರುತ್ತದೆ. ಹೊರಗಿನವರಿಗೆ ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ. ಚರಿತ್ರೆ ಓದಿದವರಿಗೆ ಅಶೋಕ. ಊರಿನ ಹೆಸರನ್ನೇ ಈಗ ಅಶೋಕ ಸಿದ್ದಾಪುರ ಎಂದು ಕರೆಯುವುದುಂಟು.

1892ರಲ್ಲಿ ಮೈಸೂರು ಸಂಸ್ಥಾನದ ಶಾಸನಗಳ ಅಧಿಕಾರಿ ಬಿ.ಎಲ್. ರೈಸ್ ಈ ಮೂರೂ ಜಾಗಗಳ ಬಂಡೆಗಳ ಮೇಲೆ ಅಶೋಕನ ಕಿರು ಶಾಸನಗಳಿರುವುದನ್ನು ಗುರುತಿಸಿದರು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಅನ್ನುವುದು ಆಗ ಗೊತ್ತಾಗಿ ವಿದ್ವತ್ ಲೋಕ ಬೆರಗಾಯಿತು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದರಿಂದ ರೈಸರಿಗೆ ಓದಲು ಕಷ್ಟವಾಗಲಿಲ್ಲ. ಆದರೆ ಇಲ್ಲಿನ ಶಾಸನಗಳಲ್ಲಿ ಅಶೋಕ ಎಂಬ ಹೆಸರಿಲ್ಲ; ದೇವಾನಂಪಿಯ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನ ರಾಜನೇ ಅಶೋಕ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಸೀಮೆಯ ಮಸ್ಕಿಯಲ್ಲಿ. ಅದನ್ನು ಕಂಡವನೂ ಚಿನ್ನದ ಗಣಿಯ ಎಂಜಿನಿಯರು.

ಅಂದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯ ಜನಕ್ಕೆ ಅಶೋಕ ಗೊತ್ತಿರಲಿಲ್ಲ. ಹಾಗಂತ ಬಂಡೆಗಳು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿದ್ದವು. ಅವಕ್ಕೆ ಅವರೇ ಹೆಸರಿಟ್ಟಿದ್ದರು. ಬ್ರಹ್ಮಗಿರಿಯ ಬಂಡೆ ಅಕ್ಷರಗುಂಡು. ಸಿದ್ದಾಪುರದ ಬಂಡೆಗಳಿಗೆ ಎಮ್ಮೆ ಕಾಯುವ ತಿಮ್ಮಯ್ಯನ ಗುಂಡುಗಳು ಎಂಬ ಅರ್ಥದ, ತೆಲುಗು ಬೆರೆತ ಹೆಸರು. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದ ಜಾಗ ಅದು, ಅಲ್ಲಿನ ಅಕ್ಷರ ಸವೆದದ್ದಕ್ಕೆ ಅದೂ ಒಂದು ಕಾರಣ.

ಇದನ್ನು ನಮ್ಮ ಪಂಡಿತರು ಸ್ಥಳೀಯ ಅಜ್ಞಾನದ ಉದಾಹರಣೆಯಾಗಿ ಒಂದು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಪಾಪ, ಚಕ್ರವರ್ತಿಯ ಆಜ್ಞೆಯ ಮೇಲೆ ಬಳೆ ಮಾರಿದರು ಅನ್ನುವ ಮರುಕ ಬೇರೆ. ನನಗೆ ಇದು ಅಜ್ಞಾನ ಎನಿಸುವುದಿಲ್ಲ. ಬೆಟ್ಟಗಳ ಹೆಸರು ನೋಡಿ: ಒಂದು ಬ್ರಹ್ಮನದು, ಇನ್ನೊಂದು ರಾಮಾಯಣದ ಜಟಾಯುವಿನದು. ಪುರಾಣ ಬೆಟ್ಟಗಳನ್ನು ಹಿಡಿದುಕೊಂಡಿತು. ಆದರೆ ಗುಂಡುಗಳು? ಅವು ಎಮ್ಮೆ ಕಾಯುವವನ ಕೈಯಲ್ಲಿ, ಬಳೆ ತೊಡಿಸುವವರ ಕೈಯಲ್ಲಿ ಉಳಿದವು. ತಿಮ್ಮಯ್ಯ ಯಾವ ಕಾಲದವನೋ ಏನೋ, ಅವನು ಏನನ್ನೂ ಕೆತ್ತಿಸಲಿಲ್ಲ. ಬಿಸಿಲಿಗೆ ಬಂಡೆ ನೆರಳಲ್ಲಿ ಕೂತ, ಎಮ್ಮೆ ಮೇಯಿಸಿದ. ಅವನ ಹೆಸರು 'ಇಸು' ಪ್ರತ್ಯಯ ಇಲ್ಲದೆಯೇ ನೆಲಕ್ಕೆ ಅಂಟಿಕೊಂಡಿತು. ರಾಜನ ಹೆಸರನ್ನು ಓದಲು ಪ್ರಿನ್ಸೆಪ್ ಬೇಕಾಯಿತು, ತಿಮ್ಮಯ್ಯನ ಹೆಸರಿಗೆ ಬಾಯಿ ಸಾಕಾಯಿತು.

ಅಕ್ಷರಗುಂಡು ಎಂಬ ಹೆಸರನ್ನೂ ಹಾಗೆಯೇ ನೋಡಬೇಕು. ಓದಲಿಕ್ಕೆ ಬಾರದವರು ಇಟ್ಟ ಹೆಸರು ಅದು. ಅಲ್ಲಿರುವುದು ಗೀಚಲ್ಲ, ಅಕ್ಷರ ಅನ್ನುವುದು ಅವರಿಗೆ ಗೊತ್ತಿತ್ತು. ಓದುವ ಹಕ್ಕಿನಿಂದ ದೂರ ಇಟ್ಟವರಿಗೆ ಅಕ್ಷರದ ಗುರುತು ಎಲ್ಲರಿಗಿಂತ ಬೇಗ ಸಿಗುತ್ತದೆ. ಹಸಿದವನಿಗೆ ಅನ್ನದ ವಾಸನೆ ಗೊತ್ತಾಗುವ ಹಾಗೆ.

3

ಇನ್ನು ಶಾಸನದ ಒಳಕ್ಕೆ ಹೋಗೋಣ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಕಳಿಸಿದ ರಾಜಾಜ್ಞೆ ಇದು. ಈಗಿನ ಮಾತಲ್ಲಿ ಹೇಳುವುದಾದರೆ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆ. ಹಾಗೆ ಬಂದದ್ದರಿಂದಲೇ ಇಸಿಲ ಎಂಬ ಊರಿನ ಹೆಸರು ನಮಗೆ ಸಿಕ್ಕಿದೆ. ಅದು ಕನ್ನಡದ್ದೇ ಪದ ಎಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದರು. ಶಾಸನದ ಭಾಷೆ ಮಾತ್ರ ಪ್ರಾಕೃತ.

ರಾಜ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದೆ, ಮೊದಲು ಹೆಚ್ಚು ಪ್ರಯತ್ನ ಮಾಡಲಿಲ್ಲ, ಆಮೇಲೆ ಸಂಘದ ಹತ್ತಿರ ಬಂದು ಗಟ್ಟಿ ಪ್ರಯತ್ನ ಮಾಡಿದೆ ಅನ್ನುತ್ತಾನೆ. ಅದರ ಫಲವಾಗಿ ಜಂಬೂದ್ವೀಪದಲ್ಲಿ ಬೆರೆಯದೆ ಇದ್ದ ಮನುಷ್ಯರು ದೇವರುಗಳ ಜೊತೆ ಬೆರೆತರು ಎಂಬ ಅರ್ಥದ ಮಾತು ಬರುತ್ತದೆ. ಅಲ್ಲಿರುವ ಪದ 'ಮಿಸಾ'. ಮಿಶ್ರ ಅನ್ನುತ್ತೇವಲ್ಲ, ಅದೇ. ಈ ಮಾತಿನ ಒಳಾರ್ಥದ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಆದರೆ ಕೇರಿಯಿಂದ ಓದುವವನಿಗೆ ಆ ಪದ ಕಣ್ಣಿಗೆ ಹೊಡೆಯುತ್ತದೆ. ಜಾತಿ ಅಂದರೆ ಬೆರೆಯದಿರುವುದು. ಊಟದಲ್ಲಿ, ನೀರಿನಲ್ಲಿ, ಮದುವೆಯಲ್ಲಿ, ಮಸಣದಲ್ಲಿ ಕೂಡ ಬೆರೆಯದಿರುವುದು. ಈ ಬಂಡೆಯ ಮೇಲಿನ ಮಾತಿಗೆ ಬೆರೆತದ್ದು ಸಾಧನೆ, ಮೈಲಿಗೆಯಲ್ಲ.

ಇನ್ನೂ ಎರಡು ಪದಗಳಿವೆ. ಇದು ಮಹಾತ್ಮರಿಗೆ, ಅಂದರೆ ದೊಡ್ಡವರಿಗೆ, ಮಾತ್ರ ಎಟುಕುವಂಥದಲ್ಲ. 'ಖುದಕ'ರಾದವರೂ ಪ್ರಯತ್ನ ಮಾಡಿದರೆ ದೊಡ್ಡ ಸ್ವರ್ಗವನ್ನು ಪಡೆಯಬಹುದು ಎಂಬ ತಾತ್ಪರ್ಯ. ಖುದಕ ಅಂದರೆ ಕ್ಷುದ್ರ, ಸಣ್ಣವನು. ಸಣ್ಣವರು ಎಂಬ ಪದ ಕರ್ನಾಟಕದ ನೆಲದಲ್ಲಿ ಬರಹಕ್ಕೆ ಬಂದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. ಸಣ್ಣವರಿಗೂ ಆಗುತ್ತದೆ ಎಂದು ರಾಜನೊಬ್ಬ ಬಂಡೆ ಮೇಲೆ ಹೇಳಿದ್ದು ಸಣ್ಣ ಸಂಗತಿ ಅಲ್ಲ.

ಆದರೆ ಇಲ್ಲಿಗೇ ನಿಂತು ಜೈಕಾರ ಹಾಕುವ ಚಟ ನಮ್ಮಲ್ಲೂ ಇದೆ. ಅದೇ ಶಾಸನದ ಮುಂದಿನ ಭಾಗ ಓದಿ. ತಂದೆತಾಯಿಗೆ ವಿಧೇಯರಾಗಿರಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಶಿಷ್ಯ ಗುರುವನ್ನು ಗೌರವಿಸಲಿ. ಇವೆಲ್ಲ ಹಿಂದಿನಿಂದ ಬಂದ ಪದ್ಧತಿ ಎಂದು ಕೊನೆಗೆ ಮೊಹರು ಬೀಳುತ್ತದೆ. ಶಾಸನದ ಮಾತಿನಲ್ಲಿ 'ಪೋರಾಣಾ ಪಕಿತಿ'. ಹಿಂದಿನಿಂದ ಬಂದ ಪದ್ಧತಿ! ಈ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ? ಗುಡಿ ಬಾಗಿಲಲ್ಲಿ ಕೇಳಿದ್ದೇವೆ, ಹೋಟೆಲಿನ ಬೇರೆ ಲೋಟದ ಮುಂದೆ ಕೇಳಿದ್ದೇವೆ, ಸತ್ತ ದನ ಎಳೆಯಲಾರೆ ಎಂದಾಗ ಪಂಚಾಯ್ತಿ ಕಟ್ಟೆಯಲ್ಲಿ ಕೇಳಿದ್ದೇವೆ. ಅಶೋಕನ ಬಾಯಲ್ಲಿ ಅದು ಒಳ್ಳೆಯ ಮಾತಿಗೆ ಬಂದಿರಬಹುದು. ಆದರೂ ಹಳೆಯದು ಎಂಬ ಕಾರಣಕ್ಕೇ ಸರಿ ಎನ್ನುವ ತರ್ಕ ನಮಗೆ ಯಾವತ್ತೂ ದಕ್ಕಿದ್ದಲ್ಲ. ಇನ್ನೊಂದು ದೊಡ್ಡ ಬಂಡೆಯ ಶಾಸನದಲ್ಲಿ, ಕಳಿಂಗ ಯುದ್ಧದ ಪಶ್ಚಾತ್ತಾಪ ಹೇಳಿದ ಅದೇ ಉಸಿರಿನಲ್ಲಿ, ಕಾಡಿನ ಜನಕ್ಕೆ ಅವನು ಎಚ್ಚರಿಕೆಯನ್ನೂ ಕೊಡುತ್ತಾನೆ: ರಾಜನಿಗೆ ಪಶ್ಚಾತ್ತಾಪವಾಗಿದೆ, ಆದರೆ ಶಕ್ತಿ ಹೋಗಿಲ್ಲ. ಮ್ಯಾಸಬೇಡರ ನಾಡಿನಲ್ಲಿ ನಿಂತು ಅಶೋಕನನ್ನು ಓದುವಾಗ ಇದನ್ನು ಮರೆಯಬಾರದು.

4

ಈ ಶಾಸನದ ಕೊನೆಯಲ್ಲಿ ಒಬ್ಬ ಕೆಲಸಗಾರನ ಹೆಸರಿದೆ: ಚಪಡ. ಬರೆದವನು ತಾನು ಎಂದು ಹೇಳಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಗಾಂಧಾರದ ಕಡೆ ಪಳಗಿದ ಕೈ ಇರಬೇಕು. ಇಷ್ಟು ದೂರ ಬಂದು, ಈ ಬಿಸಿಲಲ್ಲಿ ಕೂತು ಬರೆದು, ಸಂಬಳದ ಕೆಲಸದ ಕೊನೆಗೆ ತನ್ನ ಹೆಸರು ಸೇರಿಸಿದ. ರಾಜ ಇಲ್ಲಿ ಬರೀ ಬಿರುದು. ಹೆಸರು ಉಳಿದದ್ದು ಚಪಡನದು. ಅಷ್ಟರ ಮಟ್ಟಿಗೆ 'ಇಸು' ಇಲ್ಲಿ ಸೋತಿದೆ.

ಆದರೆ ಚಪಡನಿಗೆ ಅಕ್ಷರ ಗೊತ್ತಿತ್ತು. ಅಕ್ಷರ ಗೊತ್ತಿಲ್ಲದವರ ಕಥೆ ಏನು? ಪ್ರಾಕೃತದ ಈ ಬರಹ ಇಸಿಲದ ಜನಕ್ಕೆ ತಲುಪಿದ್ದಾದರೂ ಹೇಗೆ? ಯಾರೋ ಓದಿ ಹೇಳಬೇಕು, ಜನ ಸೇರಬೇಕು, ಸೇರಲು ಯಾರೋ ಕರೆಯಬೇಕು. ಇದಕ್ಕೆ ಉತ್ತರ ಗಡಿಯಾಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲಿದೆ. ಇದೇ ಕಿರು ಶಾಸನದ ಅಲ್ಲಿನ ಪಾಠ ಸ್ವಲ್ಪ ಉದ್ದ. ರಜ್ಜುಕನೆಂಬ ಅಧಿಕಾರಿಗೆ ಆಜ್ಞೆ ಹೋಗಬೇಕು, ಅವನು ಭೇರಿ ಹೊಡೆಸಿ ನಾಡಿನ ಜನಕ್ಕೆ ತಿಳಿಸಬೇಕು ಎಂಬ ಅರ್ಥ ಅಲ್ಲಿ ಬರುತ್ತದೆ.

ಭೇರಿ ಹೊಡೆಸಿ. ಮತ್ತೆ ಅದೇ 'ಇಸು'. ಹೊಡೆದವರು ಯಾರು?

ನಮ್ಮ ಊರುಗಳಲ್ಲಿ ಡಂಗುರ ಸಾರುವವರು ಯಾರು ಎಂದು ಈ ಪುಟ ಓದುವ ಯಾರಿಗೂ ಹೇಳಬೇಕಾಗಿಲ್ಲ. ಕಂದಾಯ ಕಟ್ಟಿ ಅಂತ, ಜಾತ್ರೆ ಅಂತ, ಹರಾಜು ಅಂತ ತಮಟೆ ಹಿಡಿದು ಬೀದಿ ಸುತ್ತಿದ್ದು ಕೇರಿಯವರೇ. ಚರ್ಮ ಹದ ಮಾಡಿದ್ದು ನಾವು, ವಾದ್ಯ ಬಿಗಿದದ್ದು ನಾವು, ಹೊಡೆದದ್ದು ನಾವು. ಸಾರಿದ ಮಾತು ಮಾತ್ರ ನಮ್ಮದಲ್ಲ. ಅಶೋಕನ ಕಾಲದ ಭೇರಿ ಹೊಡೆದವನೂ ಮಾದಿಗನೇ, ಹೊಲೆಯನೇ ಅಂತ ನಾನು ಹೇಳುತ್ತಿಲ್ಲ. ಇವತ್ತಿನ ಜಾತಿಗಳನ್ನು ಹಾಗೇ ಹಿಂದಕ್ಕೆ ಒಯ್ದು ಅಂಟಿಸಿದರೆ ನಾವು ಮಾಡುವುದೂ ಪುರಾಣವೇ ಆಗುತ್ತದೆ. ನಾನು ಹೇಳುವುದು ಇಷ್ಟು: ಪ್ರಭುತ್ವದ ಅಕ್ಷರ ಜನರ ಕಿವಿ ತಲುಪಲು ನಡುವೆ ಒಂದು ಚರ್ಮ ಬೇಕಾಯಿತು, ಅದನ್ನು ಬಡಿಯುವ ಒಂದು ಕೈ ಬೇಕಾಯಿತು. ಅಕ್ಷರ ಬರೆದವನ ಹೆಸರು ಬಂಡೆ ಮೇಲಿದೆ. ಬಡಿದವನದು ಎಲ್ಲೂ ಇಲ್ಲ. ಆ ಕೈಯಿಂದ ತಮಟೆ ಕಿತ್ತುಕೊಂಡು ಕೂಲಿಗಲ್ಲ, ಹೋರಾಟಕ್ಕೆ ಬಡಿಯುತ್ತೇವೆ ಎಂದು 1970ರ ದಶಕದಿಂದ ದಲಿತ ಚಳವಳಿ ಹೇಳಿದ್ದರ ಹಿಂದೆ ಇಷ್ಟು ಹಳೆಯ ಲೆಕ್ಕವಿದೆ.

5

ಇಷ್ಟಾಯಿತು ಬಂಡೆಯ ಮೇಲಿನ ಮಾತು. ಇನ್ನು ಮಣ್ಣಿನೊಳಗಿನ ಮಾತು. ಬ್ರಹ್ಮಗಿರಿಯ ಬುಡವನ್ನು 1940ರ ದಶಕದ ಆರಂಭದಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದರು. 1947ರಲ್ಲಿ ಭಾರತ ಸರ್ಕಾರದ ಪುರಾತತ್ವ ಇಲಾಖೆಯ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಅದೇ ವರ್ಷ ಜುಲೈ 22ರಂದು ದೇಶದ ಬಾವುಟದ ನಡುವೆ ಅಶೋಕನ ಚಕ್ರ ಬಂದದ್ದು. (ಅಗೆಸಿದರು ಎಂದು ನಾನೂ ಬರೆದೆ ನೋಡಿ. ಗುದ್ದಲಿ ಹಿಡಿದು ಅಗೆದವರ, ಮಂಕರಿಯಲ್ಲಿ ಮಣ್ಣು ಹೊತ್ತವರ ಹೆಸರು ನಮ್ಮ ಪಠ್ಯಕ್ಕೆ ಬಂದಿಲ್ಲ.)

ವೀಲರ್ ಕಂಡದ್ದು ಒಂದರ ಮೇಲೊಂದು ಕೂತ ಮೂರು ಒಕ್ಕಲು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿ ಹಿಡಿದ, ಕೈಯಲ್ಲೇ ಮಡಕೆ ಮಾಡಿದ ಜನ. ಅವರು ಸತ್ತ ಎಳೆ ಮಕ್ಕಳನ್ನು ಮಡಕೆಯಲ್ಲಿಟ್ಟು, ವಾಸದ ಜಾಗದಲ್ಲೇ ಮಣ್ಣು ಮಾಡುತ್ತಿದ್ದರು. ಕಂದನನ್ನು ಕಣ್ಣಳತೆಯಿಂದ ಆಚೆ ಕಳಿಸಲು ತಾಯಿಗೆ ಮನಸ್ಸಾಗದ್ದೇ ಇದಕ್ಕೆ ಕಾರಣ ಇರಬಹುದೇನೋ. ಅದರ ಮೇಲೆ ಕಬ್ಬಿಣ ಬಳಸಿದ, ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆಗಳ ಜನ. ಇವರೇ ಬಯಲಲ್ಲಿ ದೊಡ್ಡ ದೊಡ್ಡ ಕಲ್ಲುಚಪ್ಪಡಿ ನಿಲ್ಲಿಸಿ ಗೋರಿ ಕಟ್ಟಿದವರು. ಚಪ್ಪಡಿಯಲ್ಲಿ ಒಂದು ದುಂಡನೆ ಕಂಡಿ, ಒಳಗೆ ಒಟ್ಟು ಮಾಡಿ ತಂದಿಟ್ಟ ಮೂಳೆಗಳು, ಮಡಕೆ, ಕಬ್ಬಿಣದ ಹತಾರ. ನಮ್ಮ ನಾಡಿನಲ್ಲಿ ಜನ ಇಂಥವನ್ನು ಮೋರ್ಯರ ಮನೆ ಅಂತಲೂ ಪಾಂಡವರ ಗುಡಿ ಅಂತಲೂ ಕರೀತಾರೆ. ಎಲ್ಲಕ್ಕಿಂತ ಮೇಲೆ, ತಿಗರಿಯಲ್ಲಿ ಮಾಡಿದ ನಯವಾದ ಮಡಕೆಗಳ, ಸಾತವಾಹನರ ಹೊತ್ತಿನ ಪಟ್ಟಣದ ಜನ. ಕ್ರಿಸ್ತಶಕ 3ನೇ ಶತಮಾನದ ಹೊತ್ತಿಗೆ ಈ ಕೊನೆಯ ಒಕ್ಕಲು ಮುಗಿಯಿತು ಎಂದು ವೀಲರ್ ಲೆಕ್ಕ ಹಾಕಿದರು.

ಕಬ್ಬಿಣದ ಜನ ಇದ್ದಕ್ಕಿದ್ದಂತೆ ಹೊರಗಿನಿಂದ ಬಂದರು ಎಂಬುದು ಅವರ ಅಭಿಪ್ರಾಯವಾಗಿತ್ತು. ಹೊಸದು ಏನೇ ಬರಲಿ ಅದು ಹೊರಗಿನಿಂದಲೇ ಬರಬೇಕು ಎಂದು ಯೋಚಿಸುತ್ತಿದ್ದ ಸಾಮ್ರಾಜ್ಯಶಾಹಿ ಕಾಲ ಅದು. ಆಮೇಲೆ ದಕ್ಷಿಣದ ಬೇರೆ ಬೇರೆ ನೆಲೆಗಳಲ್ಲಿ ಕಾರ್ಬನ್ ಕಾಲಗಣನೆ ನಡೆದು ಕಲ್ಲುಕೊಡಲಿಯವರ ಕಾಲವೂ ಕಬ್ಬಿಣದವರ ಕಾಲವೂ ವೀಲರ್ ಅಂದುಕೊಂಡದ್ದಕ್ಕಿಂತ ನೂರಾರು ವರ್ಷ ಹಿಂದಕ್ಕೆ ಹೋದವು. ಆದರೆ ವೀಲರ್ ಅವರ ವರದಿಯಲ್ಲೇ ನಮಗೆ ಬೇಕಾದ ಒಂದು ಸಂಗತಿ ಇದೆ. ಒಂದು ಒಕ್ಕಲು ಮುಗಿದು ಇನ್ನೊಂದು ಶುರುವಾಗಲಿಲ್ಲ. ಹಳೆಯ ಮಡಕೆಯ ಚೂರೂ ಹೊಸ ಮಡಕೆಯ ಚೂರೂ ಒಂದೇ ಪದರದಲ್ಲಿ ಬೆರೆತು ಸಿಕ್ಕವು. ಬಂಡೆಯ ಮೇಲೆ 'ಮಿಸಾ' ಅಂತ ಬರೆದಿದ್ದರೆ, ಮಣ್ಣಿನೊಳಗೆ ಅದು ಆಗಲೇ ನಡೆದುಹೋಗಿತ್ತು. ಶುದ್ಧವಾದ ಮೂಲ ಯಾರಿಗೂ ಇಲ್ಲ ಎಂಬುದನ್ನು ಬ್ರಹ್ಮಗಿರಿಯ ಮಣ್ಣು ಮಡಕೆಚೂರಿನಲ್ಲಿ ಹೇಳುತ್ತದೆ. ಮೇಲ್ಜಾತಿಯ ಶುದ್ಧಿಯ ಕಥೆಗೆ ಇದು ಉತ್ತರ. ನಾವೇ ಮೂಲದವರು, ಮಿಕ್ಕವರೆಲ್ಲ ಬಂದವರು ಎಂದು ನಮ್ಮ ಭಾಷಣಗಳಲ್ಲಿ ಸುಲಭವಾಗಿ ಗೆರೆ ಎಳೆಯುತ್ತೇವಲ್ಲ, ಅದಕ್ಕೂ ಉತ್ತರ.

6

ಈಗ ಮೊದಲ ಪ್ರಶ್ನೆಗೆ ಬರೋಣ. ಇಸಿಲದ ಕೇರಿ ಎಲ್ಲಿತ್ತು?

ಬ್ರಹ್ಮಗಿರಿಯ ನಕ್ಷೆ ಸರಳ. ಬೆಟ್ಟದ ಬುಡದಲ್ಲಿ ವಾಸದ ಊರು. ಅದರಾಚೆಗೆ ಬಯಲಲ್ಲಿ ಗೋರಿಗಳು, ನೂರಾರು. ಅಗೆತದಿಂದ ಎದ್ದು ಬಂದ ಚಿತ್ರದಲ್ಲಿ ಊರ ಹೊರಗೆ ಕಾಣುವವರು ಸತ್ತವರು. ಬದುಕಿರುವವರನ್ನು ಊರ ಹೊರಗೆ ಇಟ್ಟ ಗುರುತು ಆ ಚಿತ್ರದಲ್ಲಿ ಇಲ್ಲ.

ಇದನ್ನು ಬಾಬಾಸಾಹೇಬರ ಬರಹದ ಪಕ್ಕಕ್ಕಿಟ್ಟು ನೋಡಿ. ವೀಲರ್ ವರದಿ ಸಿದ್ಧವಾಗುತ್ತಿದ್ದ ಹೊತ್ತಿಗೇ, 1948ರಲ್ಲಿ, ಅಂಬೇಡ್ಕರ್ ಅಸ್ಪೃಶ್ಯರು ಯಾರು, ಅವರು ಅಸ್ಪೃಶ್ಯರಾದದ್ದು ಹೇಗೆ ಎಂಬ ಪ್ರಶ್ನೆ ಹಿಡಿದು ಪುಸ್ತಕ ಪ್ರಕಟಿಸಿದರು. ಸೋತು ಚದುರಿದ ಪಂಗಡಗಳ ಜನ, ನೆಲೆನಿಂತ ಊರುಗಳ ಅಂಚಿನಲ್ಲಿ ಕಾವಲಿಗೆಂದು ನಿಂತರು, ಅವರು ಬೌದ್ಧರಾಗಿದ್ದರು, ಬ್ರಾಹ್ಮಣಧರ್ಮ ಬೌದ್ಧಧರ್ಮಗಳ ಕಾಳಗದಲ್ಲಿ ಗೋಮಾಂಸದ ಪ್ರಶ್ನೆ ಮುಂದಾಗಿ ಅವರ ಮೇಲೆ ಅಸ್ಪೃಶ್ಯತೆ ಬಿತ್ತು, ಅದು ಕ್ರಿಸ್ತಶಕ 400ರ ಸುಮಾರಿಗೆ ಹುಟ್ಟಿತು — ಇದು ಅವರ ವಾದದ ಸಾರ. ಇದರ ಒಂದೊಂದು ಎಳೆಯ ಬಗ್ಗೆಯೂ ಇತಿಹಾಸಕಾರರು ಚರ್ಚೆ ಮಾಡಿದ್ದಾರೆ. ಮಾಡಲಿ. ಆದರೆ ಅದರ ಬುಡದಲ್ಲಿರುವ ಮಾತು ಅಲುಗಾಡದ್ದು: ಅಸ್ಪೃಶ್ಯತೆಗೆ ಒಂದು ಹುಟ್ಟಿದ ದಿನವಿದೆ. ಹುಟ್ಟಿದ್ದು ಸಾಯಲೇಬೇಕು.

ಇಸಿಲದ ಕೊನೆಯ ಒಕ್ಕಲು ಮುಗಿದದ್ದು 3ನೇ ಶತಮಾನದಲ್ಲಿ. ಅಂಬೇಡ್ಕರ್ ಹೇಳಿದ ಕಾಲಕ್ಕೆ ಅದು ಆಗಲೇ ಮಣ್ಣು ಸೇರಿತ್ತು. ಇದೇ ದೊಡ್ಡ ಪುರಾವೆ ಎಂದು ನಾನು ಡಂಗುರ ಹೊಡೆಯುವುದಿಲ್ಲ. ಅಗೆದದ್ದು ಊರಿನ ಒಂದಿಷ್ಟು ಭಾಗ. ಹುಲ್ಲುಗುಡಿಸಲು ಮಣ್ಣಿನಲ್ಲಿ ಗುರುತು ಬಿಡುವುದು ಕಮ್ಮಿ. ಇಸಿಲ ಸಮಾನತೆಯ ಸ್ವರ್ಗವಾಗಿತ್ತು ಅನ್ನುವುದೂ ಸುಳ್ಳು. ಅಷ್ಟು ದೊಡ್ಡ ಚಪ್ಪಡಿ ಎಳೆಯಲು ಎಷ್ಟು ಹೆಗಲು ಬೇಕು? ತಲೆಮಾರುಗಟ್ಟಲೆ ಬದುಕಿದ ಒಂದು ಇಡೀ ಊರಿಗೆ ನೂರಾರು ಗೋರಿ ಅಂದರೆ ಲೆಕ್ಕ ಹೊಂದುವುದಿಲ್ಲ; ಎಳೆದವರಿಗೆಲ್ಲ ಅಂಥ ಗೋರಿ ಸಿಕ್ಕಿರಲಾರದು. ಅಶೋಕನ ಬೇರೆ ಶಾಸನಗಳಲ್ಲೇ ದಾಸರು, ಕೂಲಿಯಾಳುಗಳು ಇದ್ದಾರೆ. ಅವರನ್ನು ಸರಿಯಾಗಿ ನಡೆಸಿಕೊಳ್ಳಿ ಎಂದು ಹೇಳಿದ್ದಾನೆಯೇ ಹೊರತು ಬಿಡುಗಡೆ ಮಾಡಿ ಎಂದಿಲ್ಲ. ಮೇಲು ಕೀಳು ಇತ್ತು. ಆದರೆ ಮೇಲು ಕೀಳು ಇರುವುದು ಬೇರೆ, ಮನುಷ್ಯನ ನೆರಳನ್ನೂ ಮೈಲಿಗೆ ಮಾಡಿ ಊರಾಚೆ ಕೇರಿ ಕಟ್ಟುವುದು ಬೇರೆ. ಎರಡನೆಯದು ಅನಾದಿ ಅಲ್ಲ.

ಇನ್ನೊಂದು ಕೊಂಡಿ ಇದೆ. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿದ್ದ ಜೆ.ಎಸ್.ಎಫ್. ಮೆಕೆಂಝಿ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿನ ಹೊಲಗೇರಿಗಳ ಬಗ್ಗೆ ಬರೆದಿದ್ದಾನೆ. ಊರಿನ ಗಡಿಯ ತಂಟೆ ಬಂದಾಗ ಹೊಲೆಯ ಕುಳವಾಡಿಯ ಮಾತೇ ಕೊನೆಯ ಮಾತು ಎಂಬುದು ಅವನಿಗೆ ಆಶ್ಚರ್ಯ ತಂದಿತ್ತು. ಊರ ಒಳಗೆ ಕಾಲಿಡಬಾರದವನಿಗೆ ಊರು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಗೊತ್ತು! ಮಸಣದಲ್ಲಿ ಗುಂಡಿ ತೋಡುವ ಕೆಲಸವೂ ಅನೇಕ ಕಡೆ ಕೇರಿಯವರದೇ. ನೆಲದ ಗಡಿ ಬಲ್ಲವರು, ಸತ್ತವರ ಜಾಗ ಬಲ್ಲವರು ಇವರು. ಬಯಲಲ್ಲಿ ಗೋರಿ ಕಟ್ಟಿದ ಆ ಹಳೆಯ ಕೈಗಳಿಗೂ ಇವತ್ತು ಹಾರೆ ಹಿಡಿದ ಕೈಗಳಿಗೂ ರಕ್ತಸಂಬಂಧ ಹೇಳುವ ಅಗತ್ಯ ನನಗಿಲ್ಲ. ಕೆಲಸದ ಸಂಬಂಧ ಸಾಕು. ಒಂದು ಕಾಲಕ್ಕೆ ಸತ್ತವರಿಗೆ ಮಾತ್ರ ಮೀಸಲಾಗಿದ್ದ ಊರಾಚೆಯ ಜಾಗ, ಆಮೇಲೆ ಬದುಕಿರುವ ಕೆಲಸಗಾರರ ವಿಳಾಸವಾಯಿತು. ಈ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುವುದೇ ಕೇರಿಯ ಚರಿತ್ರೆ.

7

ಅಶೋಕನ ಹೆಸರು ಹೊತ್ತ ಇನ್ನೊಂದು ಜಾಗ ಕರ್ನಾಟಕದಲ್ಲಿದೆ. ಅದು ಮೈಸೂರು ನಗರದ ಒಳಗಿನ ಅಶೋಕಪುರಂ. ಹಿಂದೆ ಆದಿಕರ್ನಾಟಕಪುರ ಎಂದು ಕರೆಸಿಕೊಳ್ಳುತ್ತಿದ್ದ, ದಲಿತರೇ ಹೆಚ್ಚಾಗಿರುವ ಬಡಾವಣೆ. ನಗರ ಬೆಳೆದು ಬೆಳೆದು ಕೇರಿಯನ್ನು ತನ್ನ ಹೊಟ್ಟೆಯೊಳಕ್ಕೆ ತೆಗೆದುಕೊಂಡಿತು. ಊರ ಹೊರಗಿದ್ದದ್ದು ಊರ ನಡುವಿಗೆ ಬಂತು. ಸಿದ್ದಾಪುರಕ್ಕೆ ಅಶೋಕ ಅಂಟಿಕೊಂಡದ್ದು ಶಾಸನದಿಂದ. ಅಶೋಕಪುರದ ನೆಲದಲ್ಲಿ ಅಶೋಕನ ಶಾಸನವಿಲ್ಲ. ಜಾತಿಯ ಗುರುತಿದ್ದ ಹೆಸರು ಹೋಗಿ ಅಲ್ಲಿಗೆ ಅಶೋಕ ಬಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ಪಡೆದದ್ದೂ ಅಶೋಕ ವಿಜಯದಶಮಿಯ ದಿನ. ನಮಗೆ ಅಶೋಕ ಬೇಕಾದದ್ದು ಅವನು ಚಕ್ರವರ್ತಿ ಎಂದಲ್ಲ, ಖುದಕರನ್ನು ಬಾಯಿ ತುಂಬ ಕರೆದ ಎಂದು.

ಆದರೆ ಹೆಸರು ಬಂದ ಮೇಲೆ ಬದುಕು? ಸಿದ್ದಾಪುರದ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ, ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆಯನ್ನು 2007ರ ನಂತರದ ವರ್ಷಗಳಲ್ಲಿ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹಂಚಲಾಯಿತು. ಸುತ್ತಲ ಹಳ್ಳಿಗಳ ಜನ ಬೇಲಿಯ ವಿರುದ್ಧ ಬೀದಿಗೂ ಇಳಿದರು, ನ್ಯಾಯಮಂಡಳಿಗೂ ಹೋದರು. ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನ ಬಂಡೆ ಸಂರಕ್ಷಿತ ಸ್ಮಾರಕ. ಎಮ್ಮೆ ಕಾಯುವವನ ಹುಲ್ಲುಗಾವಲಿಗೆ ಮಾತ್ರ ಯಾವ ಸಂರಕ್ಷಣೆಯೂ ಇಲ್ಲ. ಸ್ಥಳೀಯ ಚರಿತ್ರೆ ಬರೆಯುವುದು ಹಳೆಯ ಮಡಕೆ ಎಣಿಸುವ ಹವ್ಯಾಸವಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗೆಳೆಯರಲ್ಲಿ ನನ್ನ ಕೋರಿಕೆ ಸಣ್ಣದು. ನಿಮ್ಮ ನಿಮ್ಮ ಊರಿನ ಬಂಡೆ, ಹಳ್ಳ, ಗುಂಡು, ಕಟ್ಟೆಗಳ ಹೆಸರು ಬರೆದಿಡಿ. ಯಾರ ಹೆಸರಿನವು, ಯಾವ ಕಸುಬಿನವು ಎಂದು ಕೇರಿಯ ಹಿರಿಯರನ್ನು ಕೇಳಿ ಬರೆದಿಡಿ. ಕಚೇರಿಯ ಕಡತದಲ್ಲಿ ಸಿಗದ ಹಕ್ಕುಪತ್ರ ಆ ಹೆಸರುಗಳಲ್ಲಿ ಸಿಗಬಹುದು. ಇನ್ನು ಮೇಷ್ಟ್ರಾಗಿರುವ ಗೆಳೆಯರು ನಮ್ಮಲ್ಲಿ ತುಂಬ ಮಂದಿ ಇದ್ದೀರಿ. ಅಶೋಕನ ಪಾಠ ಬಂದಾಗ ಒಂದು ನಿಮಿಷ ಪುಸ್ತಕ ಮುಚ್ಚಿ. ಸಾಲುಮರ ನೆಡಿಸಿದ ಎಂದು ಹುಡುಗರು ಹೇಳಿದ ಕೂಡಲೇ, ನೆಟ್ಟವರು ಯಾರು ಅಂತ ಕೇಳಿ. ಹಿಂದಿನ ಸಾಲಿನಿಂದ ಒಂದು ಕೈ ಮೇಲೆ ಬರುತ್ತದೆ. ಆ ಮಗು ಏನು ಹೇಳುತ್ತದೋ ಅದನ್ನೇ ಮೊದಲು ಹಲಗೆಯ ಮೇಲೆ ಬರೆಯಿರಿ.